ಅರ್ಥಶಾಸ್ತ್ರ ಓದಬೇಕೆಂದು ಹಾಕಿದ ಲೆಕ್ಕ

ಅಪ್ಪಯ್ಯ ಪಿಗ್ಮಿ ಕಲೆಕ್ಟರ್, ಅಂದರೆ ಜನರ ದಿನದಿನದ ಉಳಿತಾಯದ ಹಣ ಕೂಡಿಸುವವರು. ಬೆಳಿಗ್ಗೆ ಎಂಟಕ್ಕೆ ಹೆಮ್ಮಾಡಿಯ ನಮ್ಮ ಮನೆಯಿಂದ ಹೊರಟರೆ ತಲ್ಲೂರು, ಕುಂದಾಪುರದ ಹಳೆ ಬಸ್ ನಿಲ್ದಾಣ, ಶಾಸ್ತ್ರಿ ಸರ್ಕಲ್, ಮೀನು ಮಾರ್ಕೆಟ್ ಎಲ್ಲ ಸುತ್ತಿ, ಪತ್ತಿನ ಸಹಕಾರ ಸಂಘಕ್ಕೆ ಹಣ ಕಟ್ಟಿ ಮನೆ ಸೇರುವಾಗ ದೀಪ ಹಚ್ಚುವ ಹೊತ್ತಾಗಿರುತ್ತದೆ. ನಾನು ಚಿಕ್ಕವಳಿದ್ದಾಗ ಅವರ ಬಗಲಲ್ಲಿ ಕಪ್ಪು ಚೀಲವೂ ಅದರೊಳಗೆ ರಶೀದಿ ಪುಸ್ತಕವೂ ಇರುತ್ತಿದ್ದವು. ಈಗ ಕೈಯಲ್ಲಿ ಚೀಟಿ ಹೊರಹಾಕುವ ಪುಟ್ಟ ಯಂತ್ರ. ದಿನಕ್ಕೆ ಇಪ್ಪತ್ತು ರೂಪಾಯಿ ಕಟ್ಟುವವರೂ ಇದ್ದಾರೆ, ಐನೂರು ಕಟ್ಟುವ ಹೋಟೆಲಿನವರೂ ಇದ್ದಾರೆ. ಒಟ್ಟು ಸಂಗ್ರಹದ ಮೇಲೆ ಬರುವ ಕಮಿಷನ್ನೇ ಅಪ್ಪಯ್ಯನ ಸಂಬಳ. ಅಮ್ಮ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಾರೆ.

ಪಿಗ್ಮಿ ಹುಟ್ಟಿದ್ದೇ ನಮ್ಮ ಜಿಲ್ಲೆಯಲ್ಲಿ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೇ ಹೋಗಿ ಹಣ ಕೂಡಿಸುವ ಈ ಪದ್ಧತಿ ತಂದಿತು. ಅಪ್ಪಯ್ಯ ಇದನ್ನು ಹೊಸಬರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಅದಕ್ಕಿಂತ ಕುತೂಹಲವಿದ್ದದ್ದು ಅವರು ರಾತ್ರಿ ಊಟದ ಹೊತ್ತಿಗೆ ಹೇಳುವ ಅಂಕಿಗಳಲ್ಲಿ. ಮಕರ ಸಂಕ್ರಾಂತಿಗೆ ಮಾರಣಕಟ್ಟೆ ಜಾತ್ರೆ. ಆಗ ಹೆಮ್ಮಾಡಿ ಸೇವಂತಿಗೆಗೆ ಬೆಲೆ. ಹೂ ಬೆಳೆದವರ ಪಿಗ್ಮಿ ಆ ತಿಂಗಳು ಏರುತ್ತದೆ. ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧ. ಆ 61 ದಿನ ಮೀನು ಮಾರ್ಕೆಟ್ಟಿನ ಹೆಂಗಸರು ಕಟ್ಟುವುದು ಹಾಗಿರಲಿ, ಕಟ್ಟಿದ್ದನ್ನೂ ತೆಗೆಯುತ್ತಾರೆ. ಅದೇ ಹೊತ್ತಿಗೆ ಶಾಲೆ ಶುರು, ಗದ್ದೆ ಕೆಲಸ ಶುರು. ಹಣ ಬರುವುದಕ್ಕೂ ಹೋಗುವುದಕ್ಕೂ ಒಂದು ಋತುಮಾನ ಇರುತ್ತದೆಂದು ನನಗೆ ಗೊತ್ತಾದದ್ದು ಶಾಲೆಯಲ್ಲಲ್ಲ.

2020ರ ಆರಂಭದಲ್ಲಿ, ನಾನು ಎಂಟನೇ ತರಗತಿಯಲ್ಲಿದ್ದಾಗ, ಒಂದು ಸಂಜೆ ನಮ್ಮ ಅಂಗಳದಲ್ಲಿ ಮೂವತ್ತು ನಲವತ್ತು ಜನ ಸೇರಿದರು. ಅಪ್ಪಯ್ಯ ಹಣ ಕಟ್ಟುವ ಸಂಘ ಮುಳುಗುತ್ತಿದೆಯೆಂದು ಯಾರೋ ವಾಟ್ಸಾಪಿನಲ್ಲಿ ಹಾಕಿದ್ದರಂತೆ. ದೂರದ ಊರಿನ ಯಾವುದೋ ಬ್ಯಾಂಕಿನ ಸುದ್ದಿ ಟಿ.ವಿ.ಯಲ್ಲಿ ಬರುತ್ತಿದ್ದ ದಿನಗಳವು; ಅದಕ್ಕೂ ನಮ್ಮ ಸಂಘಕ್ಕೂ ಸಂಬಂಧವಿರಲಿಲ್ಲ. ಬಂದವರೆಲ್ಲ ಅಪ್ಪಯ್ಯ ದಿನಾ ಮಾತಾಡಿಸುವವರೇ. ಬಾಳೆಹಣ್ಣಿನ ಅಂಗಡಿಯ ಶೀನಣ್ಣ ಎಲ್ಲರಿಗಿಂತ ಮುಂದೆ ನಿಂತು, "ನಮ್ಮ ದುಡ್ಡ್ ನಿಮ್ಮ ಕೈಲಿ ಕೊಟ್ಟದ್ದ್, ನೀವೇ ಕೊಡಿ" ಎಂದರು. ಅಪ್ಪಯ್ಯ ನನ್ನತ್ತ ತಿರುಗಿ, "ಹೆಣ್ಣೇ, ನೀ ಒಳಗ್ ಹೋಗ್" ಎಂದರು. ನಾನು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ.

ಮೂರು ದಿನ ಸಂಘದ ಮುಂದೆ ಸಾಲು ಇತ್ತು. ಬಂದವರಿಗೆಲ್ಲ ಹಣ ಕೊಟ್ಟರು. ಬೇರೆಡೆಯಿಂದ ತಂದು ಕೊಟ್ಟರು. ನಾಲ್ಕನೇ ದಿನ ಸಾಲು ಕರಗಿತು, ಸಂಘ ಉಳಿಯಿತು, ತೆಗೆದವರಲ್ಲಿ ಅರ್ಧ ಜನ ಮತ್ತೆ ಖಾತೆ ತೆರೆದರು. ಆದರೆ ಅಪ್ಪಯ್ಯ ಶೀನಣ್ಣನ ಅಂಗಡಿಗೆ ಹೋಗುವುದನ್ನು ಬಿಟ್ಟರು. ಇಪ್ಪತ್ತು ವರ್ಷದ ಗುರುತು ಒಂದೇ ಸಂಜೆಗೆ ಮುರಿದದ್ದು ಅವರಿಗೆ ಸಹಿಸಲಾಗಲಿಲ್ಲ. ನನ್ನ ತಲೆಯಲ್ಲಿ ಉಳಿದದ್ದು ಬೇರೆ ಪ್ರಶ್ನೆ. ಸಂಘ ಚೆನ್ನಾಗಿಯೇ ಇತ್ತು, ಜನರೂ ಕೆಟ್ಟವರಲ್ಲ. ಹಾಗಿದ್ದೂ ಒಂದು ಸುಳ್ಳು ಸುದ್ದಿಗೆ ಎಲ್ಲ ಬಿದ್ದುಹೋಗುವಷ್ಟು ಹತ್ತಿರ ಬಂದದ್ದು ಹೇಗೆ?

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂತು. ನಮ್ಮ ಕಡೆ ಒಳ್ಳೆಯ ಅಂಕ ಬಂದರೆ ಸೈನ್ಸ್ ಎನ್ನುವುದು ಯಾರೂ ಕೂತು ತೀರ್ಮಾನಿಸುವ ವಿಷಯವೇ ಅಲ್ಲ. ನನ್ನನ್ನೂ ಪಿಸಿಎಂಸಿಗೆ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್‌ಗೆ ಸೇರಿಸಿದರು. ಅದು ನನ್ನ ಪುಣ್ಯ ಎಂದು ಈಗ ಅನ್ನಿಸುತ್ತದೆ. ಕಾರಣ ಆಮೇಲೆ ಹೇಳುತ್ತೇನೆ.

ಪ್ರಥಮ ಪಿಯುಸಿಯಲ್ಲಿದ್ದಾಗ, 2022ರ ಅಕ್ಟೋಬರಿನಲ್ಲಿ, ಕಾಲೇಜಿನ ಗ್ರಂಥಾಲಯದಲ್ಲಿ ಪತ್ರಿಕೆ ತಿರುವುತ್ತಿದ್ದೆ. ಆ ವರ್ಷದ ಅರ್ಥಶಾಸ್ತ್ರದ ನೊಬೆಲ್ ಬೆನ್ ಬರ್ನಾಂಕೆ, ಡಗ್ಲಾಸ್ ಡೈಮಂಡ್, ಫಿಲಿಪ್ ಡಿಬ್ವಿಗ್ ಎಂಬ ಮೂವರಿಗೆ ಬಂದಿತ್ತು. ಬ್ಯಾಂಕುಗಳು ಯಾಕಿವೆ, ಜನ ಒಮ್ಮೆಲೇ ಹಣ ತೆಗೆಯಲು ಓಡಿದಾಗ ಏನಾಗುತ್ತದೆ ಎಂಬುದರ ಬಗ್ಗೆ ಅವರ ಕೆಲಸ ಎಂದು ಬರೆದಿತ್ತು. ಆ ಸಾಲನ್ನು ಓದಿ ನಾನು ಎದ್ದು ನಿಂತೆ. ನಮ್ಮ ಅಂಗಳದಲ್ಲಿ ನಡೆದದ್ದಕ್ಕೆ ಒಂದು ಹೆಸರಿದೆ, ಅದನ್ನು ಕುಳಿತು ಗಣಿತದಲ್ಲಿ ಬಿಡಿಸಿದವರಿದ್ದಾರೆ, ಅದನ್ನು ಓದಿಸುವ ಕೋರ್ಸು ಎಲ್ಲೋ ಇರಲೇಬೇಕು. ನನ್ನ ಹುಡುಕಾಟ ಆ ದಿನ ಶುರುವಾಯಿತು.

ಮೊದಲಿಗೆ ನನಗೆ ಕೋರ್ಸಿನ ಹೆಸರೇ ಗೊತ್ತಿರಲಿಲ್ಲ. ಹಣದ ವಿಷಯ ಅಂದರೆ ಕಾಮರ್ಸ್, ಕಾಮರ್ಸ್ ಅಂದರೆ ಬಿ.ಕಾಂ. ಎಂದಷ್ಟೇ ತಿಳಿದಿತ್ತು. ಬಿಬಿಎ ಫೈನಾನ್ಸ್, ಬಿ.ಎ. ಅರ್ಥಶಾಸ್ತ್ರ, ಅರ್ಥಶಾಸ್ತ್ರ-ಗಣಿತ-ಸಂಖ್ಯಾಶಾಸ್ತ್ರ ಮೂರೂ ಸೇರಿದ ಪದವಿ, ಅರ್ಥಶಾಸ್ತ್ರದ ಬಿ.ಎಸ್ಸಿ., ಹೀಗೆ ಹೆಸರುಗಳು ಒಂದೊಂದಾಗಿ ಸಿಕ್ಕವು. ಹೆಸರು ನೋಡಿ ಏನೂ ತಿಳಿಯುವುದಿಲ್ಲವೆಂದು ಬೇಗ ಗೊತ್ತಾಯಿತು. ಹಾಗಾಗಿ ಒಂಬತ್ತು ಕಡೆಯ ಪಠ್ಯಕ್ರಮ ಇಳಿಸಿಕೊಂಡು, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಪೆನ್ಸಿಲ್ ಹಿಡಿದು ಕೂತೆ. ಈ ಇಡೀ ಪ್ರಯಾಣದಲ್ಲಿ ನಾನು ಮಾಡಿದ ಅತ್ಯಂತ ಉಪಯೋಗದ ಕೆಲಸ ಅದು. ಬಿ.ಕಾಂ.ನಲ್ಲಿ ಹಣಕಾಸು ಲೆಕ್ಕಶಾಸ್ತ್ರ, ವೆಚ್ಚ ಲೆಕ್ಕಶಾಸ್ತ್ರ, ಕಂಪನಿ ಕಾನೂನು, ಆದಾಯ ತೆರಿಗೆ, ಜಿಎಸ್‌ಟಿ. ಬಿಬಿಎಯಲ್ಲಿ ಅವುಗಳ ಜೊತೆ ಮಾರ್ಕೆಟಿಂಗ್, ಮಾನವ ಸಂಪನ್ಮೂಲ. ಬಿ.ಎ. ಅರ್ಥಶಾಸ್ತ್ರದಲ್ಲಿ ಸೂಕ್ಷ್ಮ ಅರ್ಥಶಾಸ್ತ್ರ, ಸಮಗ್ರ ಅರ್ಥಶಾಸ್ತ್ರ, ಸಾರ್ವಜನಿಕ ಹಣಕಾಸು, ಭಾರತದ ಅರ್ಥವ್ಯವಸ್ಥೆ. ಒಂದೇ ಹೆಸರಿನ ಬಿ.ಎ. ಅರ್ಥಶಾಸ್ತ್ರ ಒಂದು ಕಡೆ ಮೂರು ವರ್ಷವೂ ಗಣಿತದ ಗಾಳಿ ಸೋಕದೆ ಮುಗಿಯುತ್ತಿತ್ತು. ದೆಹಲಿ ವಿಶ್ವವಿದ್ಯಾಲಯದಲ್ಲಿ ಮೊದಲ ಸೆಮಿಸ್ಟರಿನಲ್ಲೇ ಅರ್ಥಶಾಸ್ತ್ರಕ್ಕೆ ಬೇಕಾದ ಗಣಿತ ವಿಧಾನಗಳ ಪತ್ರಿಕೆ, ಆಮೇಲೆ ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರದ ಅಂಕಿಗಳನ್ನು ಸಂಖ್ಯಾಶಾಸ್ತ್ರದಿಂದ ಪರೀಕ್ಷಿಸುವ ಇಕನಾಮೆಟ್ರಿಕ್ಸ್. ನನ್ನ ಪ್ರಶ್ನೆಗೆ ಉತ್ತರ ಈ ಎರಡನೇ ಬಗೆಯ ಪಠ್ಯಕ್ರಮದಲ್ಲಿದೆ ಎನ್ನುವುದು ಆಗಲೇ ಮಸುಕಾಗಿ ಕಂಡಿತು.

ಆದರೂ ಸಿ.ಎ., ಅಂದರೆ ಚಾರ್ಟರ್ಡ್ ಅಕೌಂಟೆಂಟ್, ಎಂಬ ಮಾತು ಬಿಡಲಿಲ್ಲ. ಮನೆಗೆ ಬಂದವರೆಲ್ಲ "ಸಿ.ಎ. ಮಾಡ್, ಆಫೀಸ್ ಹಾಕ್" ಎನ್ನುವವರೇ. ಅದು ಸುಮ್ಮನೆ ತಳ್ಳಿಹಾಕುವ ಮಾತೂ ಅಲ್ಲ. ಕಾಲೇಜಿನ ಶುಲ್ಕಕ್ಕೆ ಹೋಲಿಸಿದರೆ ಸಿ.ಎ.ಗೆ ಖರ್ಚು ಕಡಿಮೆ. ಫೌಂಡೇಶನ್‌ನಲ್ಲಿ ನಾಲ್ಕು ಪತ್ರಿಕೆ, ಆಮೇಲೆ ಇಂಟರ್‌ಮೀಡಿಯೆಟ್, ಲೆಕ್ಕ ಪರಿಶೋಧಕರ ಕೈಕೆಳಗೆ ತರಬೇತಿ ಪಡೆಯುವ ಆರ್ಟಿಕಲ್‌ಶಿಪ್, ಫೈನಲ್. ಮೂರು ವರ್ಷ ಇದ್ದ ಆರ್ಟಿಕಲ್‌ಶಿಪ್ 2023ರ ಹೊಸ ನಿಯಮದಲ್ಲಿ ಎರಡು ವರ್ಷಕ್ಕೆ ಇಳಿದಿತ್ತು. ಅಪ್ಪಯ್ಯನಿಗೆ ಗುರುತಿನ ಒಬ್ಬ ಲೆಕ್ಕ ಪರಿಶೋಧಕರು ಕುಂದಾಪುರದಲ್ಲಿದ್ದರು. ಒಂದು ಶನಿವಾರ ಅವರ ಕಚೇರಿಗೆ ಹೋದೆ. ಅವರು ಉಪದೇಶ ಮಾಡಲಿಲ್ಲ. ಮೇಜಿನ ಮೇಲಿದ್ದ ಒಂದು ಸಹಕಾರ ಸಂಘದ ವಾರ್ಷಿಕ ವರದಿ ನನ್ನ ಕೈಗಿಟ್ಟು, "ಓದು, ಏನು ಅನ್ನಿಸ್ತದೆ ಹೇಳು" ಎಂದು ತಮ್ಮ ಕೆಲಸಕ್ಕೆ ತೊಡಗಿದರು.

ಅರ್ಧ ಗಂಟೆ ಓದಿದೆ. ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಆದರೆ ಒಂದು ಕಡೆ ಕಣ್ಣು ನಿಂತಿತು. ಠೇವಣಿಯಲ್ಲಿ ದೊಡ್ಡ ಪಾಲು ಪಿಗ್ಮಿ, ಉಳಿತಾಯ ಖಾತೆ, ಒಂದು ವರ್ಷದೊಳಗಿನ ನಿಗದಿ ಠೇವಣಿ. ಸಾಲ ಕೊಟ್ಟದ್ದು ಮಾತ್ರ ಮನೆ ಕಟ್ಟಲು, ವಾಹನಕ್ಕೆ, ಐದು ವರ್ಷ, ಹತ್ತು ವರ್ಷಕ್ಕೆ. "ಸರ್, ಇವರು ನಾಳೆ ಕೇಳಿದರೆ ಕೊಡಬೇಕಾದ ದುಡ್ಡನ್ನು ಹತ್ತು ವರ್ಷಕ್ಕೆ ಕೊಟ್ಟುಬಿಟ್ಟಿದ್ದಾರಲ್ಲ, ಎಲ್ಲರೂ ನಾಳೆಯೇ ಬಂದರೆ?" ಎಂದು ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಇಲ್ಲಿಗೆ ಆರ್ಟಿಕಲ್‌ಶಿಪ್‌ಗೆ ಬರುವ ಮಕ್ಕಳು ಎರಡು ಕಡೆಯ ಮೊತ್ತ ಸರಿ ಹೊಂದುತ್ತದೆಯೇ ಎಂದು ಮೊದಲು ನೋಡುತ್ತಾರೆ, ಅದು ನಮ್ಮ ಕೆಲಸಕ್ಕೆ ಬೇಕಾದ ಗುಣವೇ, ನಿನ್ನ ಮನಸ್ಸು ಬೇರೆ ಕಡೆ ಹೋಗುತ್ತಿದೆ, ನೀನು ಅರ್ಥಶಾಸ್ತ್ರ ಓದು ಎಂದರು. ಬಾಗಿಲವರೆಗೆ ಬಂದು ಇನ್ನೊಂದು ಮಾತು ಸೇರಿಸಿದರು: "ಆದ್ರೆ ಬ್ಯಾಲೆನ್ಸ್ ಶೀಟ್ ಓದ್ಲಿಕ್ಕೆ ಬಾರದೆ ಬ್ಯಾಂಕಿನ ಬಗ್ಗೆ ಮಾತಾಡುವವರ ಹಾಗೆ ಆಗ್ಬೇಡ. ಲೆಕ್ಕಶಾಸ್ತ್ರ ಎಲ್ಲಾದ್ರೂ ಕಲಿ." ಆ ಮಾತನ್ನು ನನ್ನ ಯೋಜನೆಯ ಹಾಳೆಯಲ್ಲಿ ಮೊದಲ ಸಾಲಾಗಿ ಬರೆದುಕೊಂಡೆ.

ಇನ್ನು ಗಣಿತದ ವಿಷಯ. ನನ್ನ ಚಿಕ್ಕಮ್ಮನ ಮಗ ನನಗಿಂತ ಆರು ತಿಂಗಳು ದೊಡ್ಡವನು. ಅವನು ಕಾಮರ್ಸ್‌ನಲ್ಲಿ ಹೆಬಾ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ತೆಗೆದುಕೊಂಡಿದ್ದ. ಅರ್ಥಶಾಸ್ತ್ರದಲ್ಲಿ ಅವನಷ್ಟು ಆಸಕ್ತಿ ಇದ್ದವರನ್ನು ನಾನು ನೋಡಿಲ್ಲ. ಬಜೆಟ್ ದಿನ ಟಿ.ವಿ. ಮುಂದಿನಿಂದ ಏಳುತ್ತಿರಲಿಲ್ಲ. ಇಬ್ಬರೂ ಒಟ್ಟಿಗೆ ದೆಹಲಿಗೆ ಅರ್ಜಿ ಹಾಕೋಣ ಎಂದುಕೊಂಡಿದ್ದೆವು. ದ್ವಿತೀಯ ಪಿಯುಸಿಯ ಡಿಸೆಂಬರಿನಲ್ಲಿ ಅರ್ಹತೆಯ ನಿಯಮ ಸರಿಯಾಗಿ ಓದಿದಾಗ ತಿಳಿಯಿತು: ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ಗೆ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯಲ್ಲಿ ಗಣಿತ ಬರೆಯಲೇಬೇಕು. ಅರ್ಥಶಾಸ್ತ್ರ ಓದದ ನಾನು ಅರ್ಜಿ ಹಾಕಬಹುದು, ಎರಡು ವರ್ಷ ಅರ್ಥಶಾಸ್ತ್ರವನ್ನೇ ಉಸಿರಾಡಿದ ಅವನು ಹಾಕುವಂತಿಲ್ಲ. ಬೆಂಗಳೂರಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಸೇರಿದ ಪದವಿಗೂ ಅದೇ ಕತೆ. ಅವನು ಫೋನಿನಲ್ಲಿ ತುಂಬ ಹೊತ್ತು ಮಾತಾಡಲಿಲ್ಲ. ಪಿಯುಸಿಗೆ ಸೇರುವ ದಿನ ಅವನಿಗೆ ಯಾರಾದರೂ ಇದೊಂದು ಮಾತು ಹೇಳಿದ್ದರೆ ಎಂದು ನನಗೆ ಈಗಲೂ ಸಂಕಟವಾಗುತ್ತದೆ. ಹದಿನೈದು ವರ್ಷದ ಮಕ್ಕಳು ಕಾಂಬಿನೇಶನ್ ಬರೆಯುವಾಗ ಮುಂದೆ ಯಾವ ಬಾಗಿಲು ಮುಚ್ಚುತ್ತದೆ ಎಂದು ಹೇಳುವವರು ಇರಬೇಕು. ನನಗೆ ಸೈನ್ಸ್ ಸಿಕ್ಕದ್ದು ಪುಣ್ಯ ಎಂದದ್ದು ಇದಕ್ಕೇ.

ನಮ್ಮ ಗಣಿತದ ಮೇಡಂಗೆ ವಿಷಯ ಹೇಳಿದೆ. ಅವರಿಗೆ ಸಂತೋಷವಾಯಿತು. ಅವಕಲನದ ಪಾಠದಲ್ಲಿ ಒಂದು ದಿನ ನನಗೋಸ್ಕರವೇ ಎಂಬಂತೆ ಒಟ್ಟು ವೆಚ್ಚದ ಸೂತ್ರ ಬರೆದು, ಅದರ ಅವಕಲನ ತೆಗೆದರೆ ಇನ್ನೊಂದು ವಸ್ತು ತಯಾರಿಸಲು ತಗಲುವ ಹೆಚ್ಚುವರಿ ವೆಚ್ಚ ಸಿಗುತ್ತದೆ ಎಂದು ತೋರಿಸಿದರು. ಎರಡು ವರ್ಷ ಪರೀಕ್ಷೆಗೆಂದು ಮಾಡಿದ ಲೆಕ್ಕಕ್ಕೆ ಅವತ್ತು ಗೇರುಬೀಜದ ಫ್ಯಾಕ್ಟರಿಯ ರೂಪ ಬಂತು.

ಮನೆಯಲ್ಲಿ ಒಪ್ಪಿಸುವುದು ಬೇರೆಯೇ ಕೆಲಸ. ಸೋದರಮಾವ ಎದುರಿಗೇ ಕೇಳಿದರು, "ಸೈನ್ಸ್ ಓದ್ಕಂಡ್ ಬಿ.ಎ.ಗೆ ಹೋಪುದಾ? ಊರವ್ರ್ ಎಂತ ಹೇಳ್ತ್ರ್?" ನಾನು ಸಿಟ್ಟು ಮಾಡಲಿಲ್ಲ, ಅವರ ಭಯ ನನ್ನ ಹೊಟ್ಟೆಪಾಡಿನದ್ದು. ಒಂದು ಹಾಳೆಯಲ್ಲಿ ಕೆಲಸದಿಂದ ಹಿಂದಕ್ಕೆ ಬರೆದು ತೋರಿಸಿದೆ. ಕೇಂದ್ರ ಲೋಕಸೇವಾ ಆಯೋಗ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು. ರಿಸರ್ವ್ ಬ್ಯಾಂಕಿನ ಸಂಶೋಧನಾ ವಿಭಾಗಕ್ಕೂ ಅದೇ. ಸ್ನಾತಕೋತ್ತರದಲ್ಲಿ ಹಣಕಾಸು ಮತ್ತು ಅರ್ಥಶಾಸ್ತ್ರ ಎರಡನ್ನೂ ಒಟ್ಟಿಗೆ ಓದಬೇಕೆಂದರೆ ಚೆನ್ನೈನ ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಹಣಕಾಸು ಅರ್ಥಶಾಸ್ತ್ರದ ಎಂ.ಎ. ಇದೆ. ಅಲ್ಲಿಗೆ ಹೋಗಬೇಕಾದರೆ ಪದವಿಯಲ್ಲಿ ಗಣಿತ, ಸಂಖ್ಯಾಶಾಸ್ತ್ರ ಗಟ್ಟಿ ಇರಬೇಕು. ಆದ್ದರಿಂದ ಈಗ ಸೇರುವ ಕೋರ್ಸಿನಲ್ಲಿ ಅವೆರಡು ಇರಬೇಕು.

ಮಾವ ಹಾಳೆ ನೋಡಿದರು, ಏನೂ ಹೇಳಲಿಲ್ಲ. ಆಮೇಲೆ ನಾನೇ ಕೇಳಿದೆ, "ಮಾವಾ, ಇಷ್ಟೇ ಉದ್ದದ ಕರಾವಳಿಯಲ್ಲಿ ಅಷ್ಟು ಬ್ಯಾಂಕ್ ಹುಟ್ಟಿದ್ದು ಯಾಕೆ?" 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಶನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, ಮರುವರ್ಷ ಸಿಂಡಿಕೇಟ್, 1931ರಲ್ಲಿ ವಿಜಯಾ. 2019 ಮತ್ತು 2020ರ ಏಪ್ರಿಲ್ ಒಂದನೇ ತಾರೀಕುಗಳಲ್ಲಿ ಇವುಗಳಲ್ಲಿ ಮೂರು ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ ಅವುಗಳ ಹೆಸರು ಬೋರ್ಡಿನಿಂದ ಇಳಿಯಿತು. ಮಾವನ ಮೊದಲ ಪಾಸ್‌ಬುಕ್ ವಿಜಯಾ ಬ್ಯಾಂಕಿನದ್ದು. "ಅದ್ ಯಾಕೆ ಹೋಯ್ತ್ ಅಂತ ನಮ್ಗೆ ಯಾರೂ ಹೇಳ್ಲಿಲ್ಲ" ಎಂದರು ಅವರು. "ಅದನ್ನೇ ಓದ್ಲಿಕ್ಕೆ ಹೋಗುದು" ಎಂದೆ. ಅಂದಿನಿಂದ ಮಾವ ನನ್ನ ಪರ.

ಕಾಲೇಜುಗಳ ಪಟ್ಟಿ ಉದ್ದವಿತ್ತು. ದೆಹಲಿ ವಿಶ್ವವಿದ್ಯಾಲಯ; 1930ರಿಂದ ಇರುವ ಪುಣೆಯ ಗೋಖಲೆ ಸಂಸ್ಥೆ; ಬೆಂಗಳೂರಿನಲ್ಲಿ 2017ರಲ್ಲಿ ಶುರುವಾದ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್. ಮನೆಯ ಆದಾಯ ನೋಡಿ ಶುಲ್ಕದಲ್ಲಿ ರಿಯಾಯಿತಿ ಕೊಡುವ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ. ಉಡುಪಿ, ಮಂಗಳೂರಿನ ಕಾಲೇಜುಗಳು. ಅಂಬೇಡ್ಕರ್ ಅವರ ಹೆಸರಿನ ಸಂಸ್ಥೆಯ ಬಗ್ಗೆ ಓದುವಾಗಲೇ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಬರೆದ ಪ್ರಬಂಧ ರೂಪಾಯಿಯ ಸಮಸ್ಯೆಯ ಬಗ್ಗೆ, 1923ರದ್ದು ಎಂದು ತಿಳಿಯಿತು. ಶಾಲೆಯಲ್ಲಿ ಅವರನ್ನು ಸಂವಿಧಾನದ ಪಾಠದಲ್ಲಿ ಮಾತ್ರ ಕಂಡಿದ್ದ ನನಗೆ, ಅವರು ಮೊದಲು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದರು ಎನ್ನುವುದು ದೊಡ್ಡ ಧೈರ್ಯ ಕೊಟ್ಟಿತು.

2024ರ ಬೇಸಿಗೆ ಕಳೆದದ್ದು ಹೇಗೆಂದು ನೆನೆದರೆ ಈಗಲೂ ಆಯಾಸ. ಏಪ್ರಿಲ್ 10ಕ್ಕೆ ಪಿಯುಸಿ ಫಲಿತಾಂಶ. 18, 19ಕ್ಕೆ ಇಂಜಿನಿಯರಿಂಗ್ ಮುಂತಾದ ಕೋರ್ಸುಗಳಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ ಕೆಸಿಇಟಿ; ಮನೆಯವರ ಸಮಾಧಾನಕ್ಕೆ ಅದನ್ನೂ ಬರೆದೆ. ಮೇ ಮಧ್ಯದಲ್ಲಿ ಸಿಯುಇಟಿ. ಅದೇ ಮೇ ತಿಂಗಳಲ್ಲಿ ರಾಜ್ಯ ಸರಕಾರ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನನ್ನ ಹಾಳೆಯಲ್ಲಿ ನಾಲ್ಕು ಎಂದು ಬರೆದಲ್ಲೆಲ್ಲ ಮೂರು ಎಂದು ತಿದ್ದಬೇಕಾಯಿತು. ಬರೇ ಅಂಕಿಯ ತಿದ್ದುಪಡಿ ಅಲ್ಲ ಅದು. ಇಲ್ಲಿ ಮೂರು ವರ್ಷ ಓದಿದರೆ ಎಂ.ಎ.ಗೆ ಎರಡು ವರ್ಷ; ದೆಹಲಿಯಲ್ಲಿ ನಾಲ್ಕು ವರ್ಷ ಓದಿದರೆ ಒಂದೇ ವರ್ಷದ ಸ್ನಾತಕೋತ್ತರಕ್ಕೆ ದಾರಿ. ಎರಡೂ ಐದೇ. ಆದರೆ ಸಾಲ ಮಾಡಿ ಓದುವವರಿಗೆ ಮೂರನೇ ವರ್ಷದ ಕೊನೆಗೆ ಕೈಯಲ್ಲೊಂದು ಪೂರ್ಣ ಪದವಿ ಇರುವುದು ಸಣ್ಣ ವಿಷಯವಲ್ಲ.

ಸಿಯುಇಟಿ ಫಲಿತಾಂಶ ಜೂನ್ ಕೊನೆಗೆ ಎಂದಿದ್ದರು. ಬಂದದ್ದು ಜುಲೈ 28ಕ್ಕೆ. ಅಷ್ಟರಲ್ಲಿ ಇಲ್ಲಿನ ಕಾಲೇಜುಗಳ ಪ್ರವೇಶ ಮುಗಿಯುತ್ತ ಬಂದಿತ್ತು. ಕಾಯುತ್ತ ಕೂತರೆ ಎರಡೂ ಹೋಗುವ ಭಯ. ಜೂನ್‌ನಲ್ಲೇ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಇರುವ ಪದವಿಗೆ ಸೀಟು ಸಿಕ್ಕಿತು. ಶುಲ್ಕ ಕಟ್ಟುವ ಮುಂಚೆ ಕಚೇರಿಯಲ್ಲಿ ಕೇಳಿದೆ, ಬಿಟ್ಟು ಹೋದರೆ ಹಣ ವಾಪಸ್ ಕೊಡುತ್ತೀರಾ ಎಂದು. ಇಲ್ಲ ಎಂದರು. ಆದರೆ ಆ ವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಸ್ಪಷ್ಟವಾಗಿ ಹೇಳಿತ್ತು: ಸೆಪ್ಟೆಂಬರ್ 30ರೊಳಗೆ ಬಿಟ್ಟರೆ ಪೂರ್ತಿ ಶುಲ್ಕ ವಾಪಸ್, ಅಕ್ಟೋಬರ್ 31ರೊಳಗಾದರೆ ಸಾವಿರ ರೂಪಾಯಿಗಿಂತ ಹೆಚ್ಚು ಹಿಡಿಯುವಂತಿಲ್ಲ. ಆ ಸುತ್ತೋಲೆಯ ಪ್ರತಿ ನನ್ನ ಚೀಲದಲ್ಲಿತ್ತು. ಮೇಜಿನ ಮೇಲಿಟ್ಟೆ. ಓದಿ, ಒಳಗೆ ಹೋಗಿ ಬಂದು, ಸರಿ ಎಂದರು. ಅಪ್ಪಯ್ಯನಿಗೆ ಅವತ್ತು ನನ್ನ ಮೇಲೆ ಬಂದ ನಂಬಿಕೆ ಯಾವ ಅಂಕಪಟ್ಟಿಯಿಂದಲೂ ಬಂದಿರಲಿಲ್ಲ.

ಹಣದ ಲೆಕ್ಕ ಹೇಳಲೇಬೇಕು. ನಮ್ಮಂಥ ಮನೆಗಳಲ್ಲಿ ಪದವಿಯ ಯೋಜನೆ ಎಂದರೆ ಮುಕ್ಕಾಲು ಪಾಲು ಅದೇ. ವರ್ಷಕ್ಕೆ ಶುಲ್ಕ 45 ಸಾವಿರ, ಪಿ.ಜಿ. ವಸತಿಗೆ ಹತ್ತು ತಿಂಗಳಿಗೆ 70 ಸಾವಿರ, ಪುಸ್ತಕ, ಬಸ್ಸು ಎಂದು 10 ಸಾವಿರ. ಒಟ್ಟು 1 ಲಕ್ಷ 25 ಸಾವಿರ. ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ, ವಸತಿಗೆಂದು ರಾಜ್ಯ ಸರಕಾರ ಕೊಡುವ ವಿದ್ಯಾಸಿರಿಯಲ್ಲಿ ಆಗ ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15 ಸಾವಿರ ಬರುತ್ತಿತ್ತು. ಅಮ್ಮ 10 ಸಾವಿರ ಕೊಡುತ್ತೇನೆಂದರು. ಉಳಿದ ಒಂದು ಲಕ್ಷ ಪ್ರತಿವರ್ಷ ಸಾಲ.

ಮೊದಲು ಹೋದ ಶಾಖೆಯಲ್ಲಿ, ಇಂಜಿನಿಯರಿಂಗ್ ಆಗಿದ್ದರೆ ನೋಡಬಹುದಿತ್ತು, ಇದಕ್ಕೆ ಕಷ್ಟ ಎಂದರು. ಅಪ್ಪಯ್ಯನಿಗೆ ಸಂಬಳದ ಚೀಟಿ ಇಲ್ಲ ಎನ್ನುವುದನ್ನೂ ಎತ್ತಿ ತೋರಿಸಿದರು. ದಿನವೂ ಊರವರ ಹಣ ಎಣಿಸಿ ಸಂಘಕ್ಕೆ ತಲುಪಿಸುವ ಮನುಷ್ಯ ಆ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತದ್ದನ್ನು ನಾನು ಮರೆಯಲಾರೆ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಭದ್ರತೆ ಬೇಕಿಲ್ಲ, ತಂದೆ ಅಥವಾ ತಾಯಿ ಸಹ-ಸಾಲಗಾರರಾದರೆ ಸಾಕು ಎನ್ನುವುದು ದೇಶದ ಬ್ಯಾಂಕುಗಳ ಒಕ್ಕೂಟವಾದ ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ನಿಯಮದಲ್ಲೇ ಇದೆ. ಎರಡನೇ ಶಾಖೆಯಲ್ಲಿ ಅದನ್ನು ನಾವು ಹೇಳುವ ಮುಂಚೆ ಅವರೇ ಹೇಳಿದರು. ಓದುವ ಕಾಲದ ಬಡ್ಡಿಯನ್ನು ಕೇಂದ್ರ ಸರಕಾರ ಭರಿಸುವ ಯೋಜನೆ ವೃತ್ತಿಪರ, ತಾಂತ್ರಿಕ ಕೋರ್ಸುಗಳಿಗೆ ಇದ್ದದ್ದರಿಂದ ನನಗೆ ಅದು ಸಿಗಲಿಲ್ಲ.

ಹಾಗಾದರೆ ಬಡ್ಡಿ ಎಷ್ಟಾಗುತ್ತದೆ? ಒಂದು ರಾತ್ರಿ ಕೂತು ಬಿಡಿಸಿದೆ. ಶೇಕಡಾ 10ರ ಸರಳ ಬಡ್ಡಿ ಎಂದಿಟ್ಟುಕೊಂಡರೆ, ಓದಿನ ಮೂರು ವರ್ಷ, ಮೇಲೊಂದು ವರ್ಷ ಬಿಡುವು. ಮೊದಲ ವರ್ಷದ ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ 40 ಸಾವಿರ, ಎರಡನೆಯದಕ್ಕೆ 30, ಮೂರನೆಯದಕ್ಕೆ 20. ಕಟ್ಟಲು ಶುರು ಮಾಡುವ ದಿನ ಸಾಲ 3 ಲಕ್ಷವಲ್ಲ, 3 ಲಕ್ಷ 90 ಸಾವಿರ. ಏಳು ವರ್ಷಕ್ಕೆ ತಿಂಗಳ ಕಂತು ಸುಮಾರು 6,475. ಬಡ್ಡಿಯನ್ನು ಆಗಾಗಲೇ ಕಟ್ಟಿಬಿಟ್ಟರೆ ಕಂತು ಸುಮಾರು 4,980ಕ್ಕೆ ಇಳಿಯುತ್ತದೆ. ಅಪ್ಪಯ್ಯ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಮೊದಲ ವರ್ಷದ ಬಡ್ಡಿ ತಿಂಗಳಿಗೆ 833 ಎಂದೆ. ಅವರು ಅರೆಕ್ಷಣದಲ್ಲಿ, "ದಿನಕ್ಕೆ ಇಪ್ಪತ್ತೆಂಟ್ ರೂಪಾಯಿ" ಎಂದರು. ಮರುದಿನ ತಮ್ಮದೇ ಯಂತ್ರದಲ್ಲಿ ನನ್ನ ಹೆಸರಿಗೆ ಮೂವತ್ತು ರೂಪಾಯಿಯ ಪಿಗ್ಮಿ ಶುರು ಮಾಡಿದರು. ಎರಡನೇ ವರ್ಷ ಅದು ಅರವತ್ತಾಯಿತು.

ದೆಹಲಿಯ ಮೊದಲ ಸೀಟು ಹಂಚಿಕೆ ಬರುವಾಗ ಆಗಸ್ಟ್ ಅರ್ಧ ಕಳೆದಿತ್ತು. ಬೆಂಗಳೂರಿನಲ್ಲಿ ತರಗತಿ ಶುರುವಾಗಿತ್ತು. ನನಗೆ ಸಿಗಬಹುದಾದ ಕಾಲೇಜು, ಹಾಸ್ಟೆಲ್ ಇಲ್ಲದೆ ಹೊರಗಿರುವ ಖರ್ಚು, ವರ್ಷಕ್ಕೆರಡು ಸಲ ಊರಿಗೆ ಬರುವ ರೈಲಿನ ಟಿಕೆಟ್, ಎಲ್ಲ ಕೂಡಿಸಿದರೆ ಸಾಲದ ಮಿತಿ ದಾಟುತ್ತಿತ್ತು. ಬಿಟ್ಟೆ. ಎರಡು ದಿನ ಅತ್ತೆ. ಪಠ್ಯಕ್ರಮದ ಎರಡು ಪ್ರತಿ ಅಕ್ಕಪಕ್ಕ ಇಟ್ಟು, ಇಲ್ಲಿ ಇಲ್ಲದ್ದು ಏನೇನು ಎಂದು ಗುರುತು ಹಾಕಿ, ಅದನ್ನು ನಾನೇ ಓದಿಕೊಳ್ಳಬೇಕು ಎಂದು ಮತ್ತೊಂದು ಹಾಳೆ ಮಾಡಿದೆ. ಲೆಕ್ಕಶಾಸ್ತ್ರ ಆ ಹಾಳೆಯಲ್ಲಿತ್ತು. ನನ್ನ ಅಣ್ಣ, ಅದೇ ಚಿಕ್ಕಮ್ಮನ ಮಗ, ಊರಲ್ಲೇ ಬಿ.ಕಾಂ. ಸೇರಿದ್ದ. ಒಂದು ಒಪ್ಪಂದ ಮಾಡಿಕೊಂಡೆವು: ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಅವನು ನನಗೆ ಲೆಕ್ಕಶಾಸ್ತ್ರ ಹೇಳಿಕೊಡುವುದು, ಸಂಜೆ ನಾನು ಅವನಿಗೆ ಪಿಯುಸಿ ಗಣಿತ ಹೇಳಿಕೊಡುವುದು. ಎಂ.ಎ. ಪ್ರವೇಶ ಪರೀಕ್ಷೆಗೆ ಒಟ್ಟಿಗೆ ಕೂರಬೇಕೆಂಬ ಆಸೆ ಇಬ್ಬರಿಗೂ ಇದೆ. ಅವನು ಈಗ ಸಮಾಕಲನದವರೆಗೆ ಬಂದಿದ್ದಾನೆ.

ಯೋಜನೆಯಲ್ಲಿ ನಾನು ಲೆಕ್ಕಕ್ಕೇ ಹಿಡಿಯದಿದ್ದದ್ದು ಭಾಷೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವಳು ನಾನು. ಸೈನ್ಸ್‌ನ ಇಂಗ್ಲಿಷ್ ಸೂತ್ರಗಳ ಇಂಗ್ಲಿಷ್, ಅದು ಹೇಗೋ ನಡೆಯುತ್ತದೆ. ಅರ್ಥಶಾಸ್ತ್ರದಲ್ಲಿ ಪುಟಗಟ್ಟಲೆ ವಾದ. ಮೊದಲ ಸೆಮಿಸ್ಟರ್ ಕಷ್ಟಪಟ್ಟೆ. ಪ್ರತಿ ಪಾಠವನ್ನೂ ಮೊದಲು ಕನ್ನಡದಲ್ಲಿ ಅರ್ಧ ಪುಟ ಬರೆದು, ಆಮೇಲೆ ಇಂಗ್ಲಿಷಿಗೆ ತಿರುಗಿಸುವ ಅಭ್ಯಾಸ ಮಾಡಿಕೊಂಡೆ. ಕನ್ನಡದಲ್ಲಿ ಬರೆಯಲಾಗದಿದ್ದರೆ ಆ ಪಾಠ ನನಗೆ ಅರ್ಥವಾಗಿಲ್ಲ ಎಂದೇ ಲೆಕ್ಕ. ಈಗಲೂ ಹಾಗೇ ಮಾಡುತ್ತೇನೆ.

ಎರಡನೇ ವರ್ಷದ ಕೊನೆಗೆ ಡೈಮಂಡ್ ಮತ್ತು ಡಿಬ್ವಿಗ್ ಅವರ 1983ರ ಮಾದರಿ ಕೈಗೆ ಬಂತು. ಓದಿ ಮುಗಿಸಿದ ರಾತ್ರಿ ಅಪ್ಪಯ್ಯನಿಗೆ ಫೋನ್ ಮಾಡಿದೆ. ಅವತ್ತು ನಮ್ಮ ಅಂಗಳಕ್ಕೆ ಜನ ಬಂದದ್ದು ಯಾಕೆಂದು ಈಗ ಹೇಳುತ್ತೇನೆ ಎಂದೆ. ಯಾವ ದಿನ ಕೇಳಿದರೂ ಕೊಡುತ್ತೇನೆ ಎಂದು ಮಾತು ಕೊಟ್ಟ ಹಣವನ್ನು ಬ್ಯಾಂಕು ವರ್ಷಗಟ್ಟಲೆ ಸಾಲ ಕೊಡುತ್ತದೆ. ಎಲ್ಲರಿಗೂ ಅದರಿಂದ ಲಾಭವೇ, ಮನೆ ಏಳುತ್ತದೆ, ದೋಣಿ ಕಟ್ಟುತ್ತಾರೆ. ಸಾಲ ಎಷ್ಟೇ ಒಳ್ಳೆಯದಿರಲಿ, ಎಲ್ಲರಿಗೂ ಒಂದೇ ದಿನ ಕೊಡುವಷ್ಟು ನಗದು ಯಾವ ಬ್ಯಾಂಕಿನಲ್ಲೂ ಇರುವುದಿಲ್ಲ. ಉಳಿದವರು ತೆಗೆಯುತ್ತಾರೆ ಎಂದು ನನಗೆ ಅನ್ನಿಸಿದರೆ, ಸುದ್ದಿ ಸುಳ್ಳೆಂದು ಗೊತ್ತಿದ್ದರೂ, ಮೊದಲು ಹೋಗಿ ನಿಲ್ಲುವುದೇ ನನಗೆ ಬುದ್ಧಿವಂತಿಕೆ. ಕೊನೆಗೆ ಹೋದವನಿಗೆ ಏನೂ ಸಿಗುವುದಿಲ್ಲ. ಠೇವಣಿಗೆ ವಿಮೆ ಇರುವುದು ಇದೇ ಓಟ ತಡೆಯಲು. ಬ್ಯಾಂಕುಗಳಲ್ಲಿ ಒಬ್ಬರಿಗೆ ಐದು ಲಕ್ಷದವರೆಗೆ ವಿಮೆ ಇದೆ, 2020ರ ಫೆಬ್ರವರಿಯವರೆಗೆ ಒಂದೇ ಲಕ್ಷ ಇತ್ತು. ನಿಮ್ಮ ಸಂಘ ಪತ್ತಿನ ಸಹಕಾರ ಸಂಘ, ಅದಕ್ಕೆ ಆ ವಿಮೆ ಇಲ್ಲವೇ ಇಲ್ಲ. ಶೀನಣ್ಣನ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು.

ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಂಗಾರೆ ಅವ್ರಿಗೆ ನನ್ನ ಮೇಲೆ ನಂಬ್ಕೆ ಇಲ್ದೆ ಬಂದದ್ದಲ್ಲ?" ಎಂದು ಕೇಳಿದರು.

ಅಲ್ಲ, ಪಕ್ಕದ ಮನೆಯವರ ಮೇಲೆ ನಂಬಿಕೆ ಇಲ್ಲದೆ ಬಂದದ್ದು ಎಂದೆ.

ವಾರ ಕಳೆದ ಮೇಲೆ ಅಮ್ಮ ಫೋನ್ ಮಾಡಿದಾಗ, ಅಪ್ಪಯ್ಯ ಒಂದು ಚಿಪ್ಪು ಪುಟ್ಟಬಾಳೆ ಹಣ್ಣು ತಂದಿದ್ದಾರೆ ಎಂದರು. ಶೀನಣ್ಣನ ಅಂಗಡಿಯದ್ದು. ಅವರ ಪಿಗ್ಮಿ ದಿನಕ್ಕೆ ಐವತ್ತು ರೂಪಾಯಿಯಂತೆ.